ಕಾಗದದ ಮೇಲಿನ ಆಸ್ಪತ್ರೆಗಳು

1908ರಲ್ಲಿ ಬ್ರಿಟನ್ನಿನ ಯುದ್ಧ ಸಚಿವರಾಗಿದ್ದ ಹಾಲ್ಡೇನ್ ತಮ್ಮ ಸೇನೆಯನ್ನು ಪುನರ್‌ರೂಪಿಸಿದಾಗ 23 ಆಸ್ಪತ್ರೆಗಳನ್ನೂ ಸ್ಥಾಪಿಸಿದರು. ಸ್ಥಾಪಿಸಿದರು ಎನ್ನುವುದಕ್ಕಿಂತ ಬರೆದಿಟ್ಟರು ಎನ್ನುವುದೇ ಹೆಚ್ಚು ಸರಿ. ಒಂದೊಂದಕ್ಕೂ 520 ಹಾಸಿಗೆಗಳು, ಇಷ್ಟು ಮಂದಿ ವೈದ್ಯರು, ಇಷ್ಟು ಮಂದಿ ದಾದಿಯರು ಎಂದು ಗೊತ್ತುಪಡಿಸಲಾಗಿತ್ತು. ಆದರೆ ಶಾಂತಿಕಾಲದಲ್ಲಿ ಅವುಗಳಲ್ಲಿ ಒಬ್ಬ ರೋಗಿಯೂ ಮಲಗಿರಲಿಲ್ಲ. ಯುದ್ಧ ಬಂದರೆ ಯಾರು ಬರಬೇಕು, ಎಲ್ಲಿ ಸೇರಬೇಕು ಎಂಬ ಪಟ್ಟಿಯಷ್ಟೇ ಅಂದಿನ ಆಸ್ಪತ್ರೆ. 1914ರ ಆಗಸ್ಟ್‌ನಲ್ಲಿ ಕರೆ ಬಂದೇ ಬಂದಿತು. ಕೇಂಬ್ರಿಜ್‌ನಲ್ಲಿ ಎರಡು ಕಾಲೇಜುಗಳ ಕ್ರಿಕೆಟ್ ಮೈದಾನ, ಲೆಸ್ಟರ್‌ನಲ್ಲಿ ಪಾಳುಬಿದ್ದ ಮಾನಸಿಕ ಚಿಕಿತ್ಸಾಲಯ, ಲೀಡ್ಸ್‌ನಲ್ಲಿ ಶಿಕ್ಷಕರ ತರಬೇತಿ ಕಾಲೇಜು, ಲಂಡನ್ನಿನ ವಾಂಡ್ಸ್‌ವರ್ತ್‌ನಲ್ಲಿ ಸೈನಿಕರ ಅನಾಥ ಹೆಣ್ಣುಮಕ್ಕಳಿಗಾಗಿ ಕಟ್ಟಿದ್ದ ಶಾಲೆ ಸೇನಾ ಆಸ್ಪತ್ರೆಗಳಾದವು. ಯುದ್ಧ ಮುಗಿದ ಮೇಲೆ ಅವು ಬಂದ ಹಾಗೆಯೇ ಮರೆಯಾದವು. ಕೇಂಬ್ರಿಜ್‌ನ ಆ ಮೈದಾನದಲ್ಲಿ ಇಂದು ವಿಶ್ವವಿದ್ಯಾಲಯದ ಗ್ರಂಥಾಲಯವಿದೆ. ಲೆಸ್ಟರ್‌ನ ಕಟ್ಟಡದಿಂದಲೇ ಅಲ್ಲಿನ ವಿಶ್ವವಿದ್ಯಾಲಯ ಬೆಳೆಯಿತು.

ಕಾಗದದಿಂದ ಹುಟ್ಟಿದ ಈ ಆಸ್ಪತ್ರೆಗಳು ಮತ್ತೆ ಕಾಗದಕ್ಕೇ ಮರಳಿದವು. ಅವುಗಳಲ್ಲಿ ಮಲಗಿದ್ದವರನ್ನು ಇಂದು ಹುಡುಕಬೇಕಾದರೆ ನಮಗಿರುವ ದಾರಿಯೂ ಕಾಗದವೇ. ಆ ಕಾಗದಗಳಲ್ಲಿ ಬಹುಪಾಲು ಉಳಿದಿಲ್ಲ.

ಇಂಗ್ಲೆಂಡಿನ ಉತ್ತರ ಭಾಗದ ಒಂದು ಧರ್ಮಕೇಂದ್ರದಲ್ಲಿ ಕೆಲವು ವರ್ಷ ಸೇವೆ ಸಲ್ಲಿಸುವ ಅವಕಾಶ ನನಗೆ ದೊರಕಿತ್ತು. 2014ರಲ್ಲಿ ಮಹಾಯುದ್ಧದ ಶತಮಾನದ ಸ್ಮರಣೆ ಆರಂಭವಾದಾಗ ಎಂಬತ್ತು ದಾಟಿದ ಒಬ್ಬ ತಾಯಿ ನನ್ನ ಬಳಿ ಬಂದರು. ಅವರ ಮೂಲ ಐರ್ಲೆಂಡಿನ ಮೇಯೋ ಸೀಮೆ. ಕೈಯಲ್ಲಿ ಒಂದು ಭಾವಚಿತ್ರ: ಆಸ್ಪತ್ರೆಯಲ್ಲಿದ್ದ ಸೈನಿಕರು ತೊಡುತ್ತಿದ್ದ ನೀಲಿ ದಿರಿಸು, ಬಿಳಿ ಅಂಗಿ, ಕೆಂಪು ಟೈ ಧರಿಸಿದ ತರುಣ. ಚಿತ್ರ ಕಪ್ಪು ಬಿಳುಪಿನದಾದರೂ ಬಣ್ಣಗಳನ್ನು ಅವರೇ ಹೇಳಿದರು. ಆತ ಅವರ ದೊಡ್ಡಪ್ಪ, 1918ರ ಶರತ್ಕಾಲದಲ್ಲಿ ಇಂಗ್ಲೆಂಡಿನಲ್ಲೇ ತೀರಿಕೊಂಡವರು. ಐರ್ಲೆಂಡ್ ಸ್ವತಂತ್ರವಾದ ನಂತರ ಬ್ರಿಟಿಷ್ ಸಮವಸ್ತ್ರ ತೊಟ್ಟಿದ್ದ ಮಗನ ಹೆಸರೆತ್ತುವುದು ಎಷ್ಟೋ ಮನೆಗಳಲ್ಲಿ ನಿಂತುಹೋಯಿತು. ಈ ಭಾವಚಿತ್ರವೂ ಯೇಸುವಿನ ಪವಿತ್ರ ಹೃದಯದ ಪಟದ ಹಿಂಬದಿಯಲ್ಲಿ ಹಲವು ದಶಕ ಅಡಗಿತ್ತಂತೆ. "ಅಜ್ಜಿ ಸಾಯುವವರೆಗೂ ಒಂದೇ ಮಾತು ಕೇಳುತ್ತಿದ್ದಳು, ಫಾದರ್. ಸಮಾಧಿ ಎಲ್ಲಿದೆ ಎಂದಲ್ಲ, ಕೊನೆಗಳಿಗೆಯಲ್ಲಿ ಅವನ ಹತ್ತಿರ ಗುರುಗಳು ಬಂದಿದ್ದರೇ ಎಂದು. ಅದನ್ನು ತಿಳಿಯಲು ಸಾಧ್ಯವೇ?"

ಸಮಾಧಿಯ ಪ್ರಶ್ನೆಯಾಗಿದ್ದರೆ ಉತ್ತರ ಸುಲಭವಿತ್ತು. ಕಾಮನ್‌ವೆಲ್ತ್ ಯುದ್ಧ ಸಮಾಧಿಗಳ ಆಯೋಗದ ಪಟ್ಟಿಯಲ್ಲಿ ಹತ್ತು ನಿಮಿಷದಲ್ಲಿ ಅವರ ಹೆಸರು ಸಿಕ್ಕಿತು. ನಮ್ಮಿಂದ ಎರಡು ಗಂಟೆಯ ಪ್ರಯಾಣದ ನಗರ, ಅಲ್ಲಿನ ಸಾರ್ವಜನಿಕ ಸ್ಮಶಾನ, ಸಾಲು ಮತ್ತು ಸಂಖ್ಯೆ. ಆದರೆ ಸಮಾಧಿಯ ಕಲ್ಲು ಆಸ್ಪತ್ರೆಯ ಹೆಸರು ಹೇಳುವುದಿಲ್ಲ. ಅವರ ಸೇನಾ ಕಡತ ಸಿಗಲಿಲ್ಲ. 1940ರ ಸೆಪ್ಟೆಂಬರ್‌ನಲ್ಲಿ ಲಂಡನ್ನಿನ ದಾಖಲೆ ಉಗ್ರಾಣದ ಮೇಲೆ ಜರ್ಮನ್ ಬಾಂಬು ಬಿದ್ದು ಆ ಯುದ್ಧದ ಸಾಮಾನ್ಯ ಸೈನಿಕರ ಕಡತಗಳಲ್ಲಿ ಅರ್ಧಕ್ಕೂ ಹೆಚ್ಚು ಸುಟ್ಟುಹೋದವು. ಉಳಿದವುಗಳ ಅಂಚುಗಳೂ ಕರಕಲಾಗಿ, ನೀರಿನಲ್ಲಿ ನೆನೆದು ಹೋಗಿವೆ. ಅವುಗಳನ್ನು ಅಲ್ಲಿ 'ಸುಟ್ಟ ದಾಖಲೆಗಳು' ಎಂದೇ ಕರೆಯುತ್ತಾರೆ.

ಬೆಂಕಿ ಮುಟ್ಟದಿದ್ದುದನ್ನು ಕಚೇರಿಗಳು ಮುಟ್ಟಿದವು. ಆಸ್ಪತ್ರೆಗೆ ಸೇರಿದ, ಬಿಟ್ಟುಹೋದ ಪ್ರತಿಯೊಬ್ಬನ ಹೆಸರಿದ್ದ ದೊಡ್ಡ ರಿಜಿಸ್ಟರುಗಳು ಯುದ್ಧಾನಂತರ ಪಿಂಚಣಿ ಇಲಾಖೆಯ ಕೈಸೇರಿದವು. ಗಾಯಾಳುಗಳ ಹಕ್ಕು ತೀರ್ಮಾನಿಸುವುದಕ್ಕೆ ಅವು ಬೇಕಿದ್ದವು. 1931ರಲ್ಲಿ ಪ್ರಕಟವಾದ ಅಧಿಕೃತ ವೈದ್ಯಕೀಯ ಅಂಕಿ ಅಂಶಗಳ ಸಂಪುಟವೂ ಇಂತಹ ದಾಖಲೆಗಳಿಂದಲೇ ಮೂಡಿತು. ಆಮೇಲೆ ಮಾದರಿಗೆಂದು ಒಂದಿಷ್ಟನ್ನು ಉಳಿಸಿಕೊಂಡು ಮಿಕ್ಕದ್ದನ್ನು ನಾಶಮಾಡಲಾಯಿತು. ಉಳಿದ ಪಾಲು ಲಂಡನ್ ಸಮೀಪದ ಕ್ಯೂ ಎಂಬಲ್ಲಿನ ರಾಷ್ಟ್ರೀಯ ಪತ್ರಾಗಾರದಲ್ಲಿ 'ಎಂ.ಎಚ್. 106' ಎಂಬ ಸರಣಿಯಲ್ಲಿದೆ. ಎಡಿನ್‌ಬರೋದ ಕ್ರೇಗ್‌ಲಾಕ್‌ಹಾರ್ಟ್ ಆಸ್ಪತ್ರೆಯ ರಿಜಿಸ್ಟರುಗಳು ಅದರಲ್ಲಿವೆ. ಕವಿಗಳಾದ ಸಸೂನ್ ಮತ್ತು ಓವೆನ್ 1917ರಲ್ಲಿ ಪರಸ್ಪರ ಭೇಟಿಯಾದದ್ದು ಅಲ್ಲಿಯೇ. ಮಾದರಿ ಎಂಬ ಮಾತು ಸಂಖ್ಯಾಶಾಸ್ತ್ರಜ್ಞನಿಗೆ ಸಾಕು, ತಾಯಿಗೆ ಸಾಲದು. ಸಾವಿರಕ್ಕೆ ಇಂತಿಷ್ಟು ಎಂದು ಲೆಕ್ಕ ಹಾಕಿ ಯಾವ ತಾಯಿಯೂ ಮಗನನ್ನು ಹೆತ್ತಿಲ್ಲ.

ನಾನು ಕ್ಯೂಗೆ ಹೋಗಿ ಆ ಸರಣಿಯ ಕೆಲವು ಸಂಪುಟಗಳನ್ನು ತಿರುವಿದೆ. ಕ್ರಮಸಂಖ್ಯೆ, ಪದವಿ, ಹೆಸರು, ವಯಸ್ಸು, ಸೇವೆಯ ವರ್ಷ, ವ್ಯಾಧಿ, ಬಂದ ದಿನ, ಹೋದ ದಿನ, ವಾರ್ಡು, ಅವುಗಳ ಜೊತೆಗೆ ಧರ್ಮಕ್ಕೂ ಒಂದು ಕಾಲಂ. 'ಆರ್.ಸಿ.' ಎಂಬ ಎರಡಕ್ಷರ ಕಂಡಲ್ಲೆಲ್ಲ ನನ್ನ ಕಣ್ಣು ನಿಲ್ಲುತ್ತಿತ್ತು. ಯಾವ ಗುರುಗಳಿಗೆ, ಯಾವ ಪಾದ್ರಿಗೆ ಹೇಳಿ ಕಳುಹಿಸಬೇಕೆಂದು ತಿಳಿಯಲು ಈ ಕಾಲಂ ನೆರವಾಗುತ್ತಿತ್ತು. ನಮಗೆ ಬೇಕಾದ ಆಸ್ಪತ್ರೆಯ ರಿಜಿಸ್ಟರು ಮಾತ್ರ ಉಳಿದವುಗಳ ಸಾಲಿನಲ್ಲಿ ಇರಲಿಲ್ಲ.

ಹುಡುಕಾಟಕ್ಕೆ ತಿರುವು ಕೊಟ್ಟದ್ದು ಹಣದ ಲೆಕ್ಕ. ಸತ್ತ ಸೈನಿಕನಿಗೆ ಸೇನೆ ಕೊಡಬೇಕಾಗಿದ್ದ ಬಾಕಿಯನ್ನು ಯಾರಿಗೆ ಕೊಟ್ಟಿತೆಂಬ ಪುಸ್ತಕಗಳು ಲಂಡನ್ನಿನ ರಾಷ್ಟ್ರೀಯ ಸೇನಾ ವಸ್ತುಸಂಗ್ರಹಾಲಯದಲ್ಲಿವೆ. ಅವುಗಳಲ್ಲಿ ಮರಣದ ಸ್ಥಳವನ್ನೂ ಬರೆಯುತ್ತಿದ್ದರು. ಮನುಷ್ಯನ ನೋವಿನ ಪುಸ್ತಕ ನಾಶವಾದರೂ ಖಜಾನೆಯ ಪುಸ್ತಕ ಉಳಿಯುತ್ತದೆಂಬುದು ನನಗೆ ಹೊಸ ಸಂಗತಿಯೇನಲ್ಲ. ಅಲ್ಲಿ ಆಸ್ಪತ್ರೆಯ ಹೆಸರಿತ್ತು, ಕೆಲವು ಪೌಂಡುಗಳನ್ನು ಪಡೆದ ತಾಯಿಯ ಹೆಸರೂ ಇತ್ತು. ಅಜ್ಜಿಯ ಹೆಸರನ್ನು ಕಂಡು ಆ ವೃದ್ಧೆ ಕನ್ನಡಕ ತೆಗೆದು ಒರೆಸಿಕೊಂಡರು.

ಆ ಹೆಸರನ್ನೇ ಹಿಡಿದು ಆಸ್ಪತ್ರೆಯಿದ್ದ ಬೀದಿಗೆ ಸೇರಿದ ಧರ್ಮಕೇಂದ್ರಕ್ಕೆ ಪತ್ರ ಬರೆದೆವು. ಅಲ್ಲಿ ಏನೂ ಇಲ್ಲವೆಂದು ಉತ್ತರ ಬಂತು. ಇಂತಹ ಹುಡುಕಾಟದಲ್ಲಿ ತೊಡಗಿದವರು ತಿಳಿದಿರಬೇಕಾದ ವಿಷಯವೊಂದು ಇಲ್ಲಿದೆ. ಈ ಆಸ್ಪತ್ರೆಗಳ 520 ಹಾಸಿಗೆಗಳು ಎರಡೇ ವರ್ಷದಲ್ಲಿ ಸಾವಿರ ದಾಟಿದ್ದವು. ನಗರದ ಶಾಲೆಗಳು, ಸಭಾಂಗಣಗಳು, ಶ್ರೀಮಂತರ ಮನೆಗಳು ಅವುಗಳ ಅಂಗಗಳಾದವು. ರೆಡ್‌ಕ್ರಾಸ್ ಮತ್ತು ಸೇಂಟ್ ಜಾನ್ ಸಂಸ್ಥೆಗಳು ನಡೆಸಿದ ಸಹಾಯಕ ಆಸ್ಪತ್ರೆಗಳೇ ದೇಶದಾದ್ಯಂತ 3,000ಕ್ಕೂ ಮಿಕ್ಕಿದ್ದವು. ಸೇನೆಯ ಲೆಕ್ಕದಲ್ಲಿ ತಾಯಿ ಆಸ್ಪತ್ರೆಯ ಹೆಸರು ಮಾತ್ರ. ರೋಗಿ ಮಲಗಿದ್ದುದು ಊರಾಚೆಯ ಯಾವುದೋ ಶಾಲೆಯಲ್ಲಿ. ಅದನ್ನು ತಿಳಿಸುವುದು ಮರಣ ಪ್ರಮಾಣಪತ್ರ. ಫ್ರಾನ್ಸಿನಲ್ಲಿ ಸತ್ತವರಂತಲ್ಲದೆ, ಇಂಗ್ಲೆಂಡಿನಲ್ಲಿ ಸತ್ತ ಸೈನಿಕನ ಮರಣವನ್ನು ಎಲ್ಲ ನಾಗರಿಕರಂತೆ ಸ್ಥಳೀಯ ನೋಂದಣಿ ಕಚೇರಿಯಲ್ಲೇ ದಾಖಲಿಸುತ್ತಿದ್ದರು. ಶುಲ್ಕ ಕಟ್ಟಿ ತರಿಸಿಕೊಂಡ ಪ್ರತಿಯಲ್ಲಿ ಶಾಲೆಯ ಹೆಸರಿತ್ತು. ಕಾರಣ: ಇನ್‌ಫ್ಲುಯೆಂಜಾ ಮತ್ತು ನ್ಯುಮೋನಿಯಾ. ಗುಂಡಿನಿಂದ ಪಾರಾಗಿ ಬಂದವರು ಜ್ವರದಿಂದ ಹೋಗಿದ್ದರು.

ಭಾವಚಿತ್ರದ ಅಂಚಿನಲ್ಲಿ ನಿಂತ ದಾದಿಯನ್ನೂ ಹುಡುಕಬಾರದೇ ಎಂದು ಆ ತಾಯಿ ಆಸೆಪಟ್ಟರು. ಮೀಸಲು ಪಡೆಯ ದಾದಿಯರ 15,000ಕ್ಕೂ ಹೆಚ್ಚು ಕಡತಗಳು ಕ್ಯೂನಲ್ಲಿವೆ, 'ಡಬ್ಲ್ಯೂ.ಓ. 399' ಎಂಬ ಸರಣಿಯಲ್ಲಿ. ಆದರೆ ಅವುಗಳನ್ನು ತೆರೆಯಲು ಹೆಸರು ಬೇಕು, ಮುಖ ಸಾಲದು. ಅದನ್ನು ಅಲ್ಲಿಗೇ ಬಿಟ್ಟೆವು.

ನಮ್ಮವರ ಕಥೆಯೇನು ಎಂದು ಓದುಗರು ಕೇಳಬಹುದು. ಫ್ರಾನ್ಸಿನಲ್ಲಿ ಗಾಯಗೊಂಡ ಭಾರತೀಯ ಸೈನಿಕರಿಗಾಗಿ 1914ರ ಕೊನೆಯಲ್ಲಿ ಬ್ರೈಟನ್ನಿನ ಅರಮನೆಯನ್ನೇ ಆಸ್ಪತ್ರೆ ಮಾಡಿದ್ದರು. ಹಿಂದೂಗಳಿಗೆ, ಮುಸ್ಲಿಮರಿಗೆ ಬೇರೆ ಬೇರೆ ಅಡುಗೆಮನೆ, ಬೇರೆ ನಲ್ಲಿ. ಅಲ್ಲಿ ತೀರಿಕೊಂಡ 53 ಮಂದಿ ಹಿಂದೂ, ಸಿಖ್ ಸೈನಿಕರ ದಹನ ನಡೆದ ಗುಡ್ಡದ ಮೇಲೆ 1921ರಲ್ಲಿ ಛತ್ರಿಯೊಂದನ್ನು ಕಟ್ಟಿದರು. ಮೈಸೂರಿನ ಅಶ್ವಾರೋಹಿಗಳು ಹೋರಾಡಿದ್ದು ಈಜಿಪ್ಟ್ ಮತ್ತು ಪ್ಯಾಲೆಸ್ತೀನ್ ಕಡೆ. ಆ ಹುಡುಕಾಟದ ದಾರಿಯೇ ಬೇರೆ.

ಶಾಲೆಯ ಹೆಸರು ಸಿಕ್ಕಮೇಲೆ ಅದಕ್ಕೆ ಸಮೀಪದ ಧರ್ಮಕೇಂದ್ರಕ್ಕೆ ನಾನೇ ಹೋದೆ. ಅಂದು ಬ್ರಿಟನ್ನಿನ ಇಂತಹ ಆಸ್ಪತ್ರೆಗಳಲ್ಲಿ ಎಷ್ಟೋ ಬಾರಿ ಪೂರ್ಣಾವಧಿಯ ಸೇನಾಗುರುಗಳು ಇರುತ್ತಿರಲಿಲ್ಲ. ಪಕ್ಕದ ಧರ್ಮಕೇಂದ್ರದ ಗುರುವೇ ಆ ಹೊಣೆ ಹೊರುತ್ತಿದ್ದರು. 1918ರ ಮೇ ತಿಂಗಳಿನಿಂದ ಜಾರಿಗೆ ಬಂದಿದ್ದ ಧರ್ಮಸಭೆಯ ಕಾನೂನು ಸಂಹಿತೆ, ಮೃತರ ಪುಸ್ತಕದಲ್ಲಿ ಹೆಸರು, ವಯಸ್ಸಿನ ಜೊತೆಗೆ ಯಾರು ಯಾವ ಸಂಸ್ಕಾರಗಳನ್ನು ನೀಡಿದರೆಂಬುದನ್ನೂ ಬರೆಯಬೇಕೆಂದು ವಿಧಿಸಿತ್ತು. ಗುರುಮಠದಲ್ಲಿ ಕಲಿತ ಲತೀನ್ ಭಾಷೆ ಅಂದು ನನ್ನ ನೆರವಿಗೆ ಬಂತು. ಅಕ್ಟೋಬರ್ ಮೊದಲ ವಾರದಲ್ಲಿ ದುಂಡಗಿದ್ದ ಕೈಬರಹ ತಿಂಗಳ ಕೊನೆಗೆ ಓಡುಬರಹವಾಗಿತ್ತು. ಒಂದೇ ದಿನಕ್ಕೆ ನಾಲ್ಕು, ಐದು ಹೆಸರು. ಅವುಗಳ ನಡುವೆ ಮೇಯೋದ ಆ ತರುಣ. ಕೊನೆಯ ಕಾಲಂನಲ್ಲಿ ಅಂತಿಮ ಅಭ್ಯಂಗ ಎಂಬುದರ ಸಂಕ್ಷೇಪ, ಅದರ ಮುಂದೆ ಎರಡು ಪದಗಳು: 'ಸುಬ್ ಕೊಂದಿತ್ಸಿಯೋನೆ'.

ಷರತ್ತಿನ ಮೇಲೆ ಎಂಬುದು ಅದರ ಅರ್ಥ. ರೋಗಿಯಲ್ಲಿ ಇನ್ನೂ ಜೀವವಿದೆಯೇ ಎಂಬ ಸಂದೇಹವಿದ್ದಾಗ, 'ನೀನು ಬದುಕಿದ್ದರೆ' ಎಂಬ ಷರತ್ತಿನೊಡನೆ ಅಂದು ಗುರುಗಳು ತೈಲ ಹಚ್ಚುತ್ತಿದ್ದರು. ಇದನ್ನು ಆ ತಾಯಿಗೆ ಹೇಗೆ ಹೇಳುವುದು? 'ಅಭ್ಯಂಗ ಸಿಕ್ಕಿತ್ತು' ಎಂದಷ್ಟೇ ಹೇಳಿದರೆ ಸುಳ್ಳಾಗುತ್ತಿರಲಿಲ್ಲ. ಆದರೆ ತೊಂಬತ್ತಾರು ವರ್ಷ ಕಾದ ಪ್ರಶ್ನೆಗೆ ಕತ್ತರಿಸಿದ ಉತ್ತರ ಕೊಡಲು ನನ್ನ ಮನಸ್ಸು ಒಪ್ಪಲಿಲ್ಲ. ಪುಟದ ಪ್ರತಿಯನ್ನು ಅವರ ಮುಂದಿಟ್ಟು ಎರಡೂ ಪದಗಳನ್ನು ಬಿಡಿಸಿ ಹೇಳಿದೆ.

ಅವರು ಬಹಳ ಹೊತ್ತು ಆ ಸಾಲನ್ನೇ ನೋಡುತ್ತಿದ್ದರು. ಅನಂತರ ಅದರ ಮೇಲಿನ, ಕೆಳಗಿನ ಹೆಸರುಗಳನ್ನು ಬೆರಳಿಟ್ಟು ಎಣಿಸಿದರು. "ಆ ದಿನ ಐವರು. ಈ ಗುರುಗಳು ಒಬ್ಬರೇನಾ?" ಎಂದರು. ಒಬ್ಬರೇ ಎಂದೆ. ಸಹಿಯ ಜಾಗದಲ್ಲಿ ಬರೀ ಮೊದಲಕ್ಷರಗಳಿದ್ದವು. ಪೂರ್ಣ ಹೆಸರು ಬೇಕೆಂದು ಅವರು ಹಟ ಹಿಡಿದರು. ಆ ವರ್ಷದ ಕಥೋಲಿಕ ಡೈರೆಕ್ಟರಿಯಲ್ಲಿ ಅದು ಸುಲಭವಾಗಿ ಸಿಕ್ಕಿತು. ಮರುವಾರ ಪೂಜಾ ಕೋರಿಕೆಯ ಲಕೋಟೆಯೊಂದು ನನ್ನ ಮೇಜಿನ ಮೇಲಿತ್ತು. ಅದರ ಮೇಲೆ ಎರಡು ಹೆಸರುಗಳನ್ನು ಬರೆದಿದ್ದರು, ಗುರುಗಳ ಹೆಸರು ಮೊದಲು.