ತುಕ್ಕು ಹೊತ್ತ ಅಪವಾದ

ಕಾಲಿಗೆ ಮೊಳೆ ಚುಚ್ಚಿತೆಂದರೆ ನಮ್ಮಲ್ಲಿ ಮೊದಲ ಪ್ರಶ್ನೆ, ‘ತುಕ್ಕು ಹಿಡಿದಿತ್ತಾ?’ ಪಾಪ, ತುಕ್ಕು! ಧನುರ್ವಾಯು ತರುವುದು ಅದಲ್ಲ. ಆ ರೋಗಾಣುವಿನ ಬೀಜಕಗಳು ಮಣ್ಣಿನಲ್ಲಿ, ಸಗಣಿಯಲ್ಲಿ ವರ್ಷಗಟ್ಟಲೆ ಸುಮ್ಮನೆ ಬಿದ್ದಿರುತ್ತವೆ. ಗಾಳಿಯಾಡದ ಆಳವಾದ ಗಾಯ ಸಿಕ್ಕರೆ ಚಿಗುರಿ ವಿಷ ಬಿಡುತ್ತವೆ. ದವಡೆ ಕಚ್ಚಿಕೊಳ್ಳುತ್ತದೆ, ಬೆನ್ನು ಬಿಲ್ಲಿನಂತೆ ಬಾಗುತ್ತದೆ. ಹಿರಿಯರು ಹೆಸರನ್ನೇನೋ ಸರಿಯಾಗಿಯೇ ಇಟ್ಟರು. ಕಾರಣ ಮಾತ್ರ ತಿಳಿದಿರಲಿಲ್ಲ.

ನನ್ನಜ್ಜಿಯ ಎರಡು ಕೂಸುಗಳು ಹುಟ್ಟಿದ ವಾರದಲ್ಲೇ ಮೊಲೆ ಚೀಪಲಾರದೆ, ಮೈ ಸೆಟೆದು ತೀರಿಕೊಂಡವು. ‘ಬಾಲಗ್ರಹ’ ಎಂದರು, ತಾಯತ ಕಟ್ಟಿದರು. ಹೊಕ್ಕುಳಬಳ್ಳಿ ಕೊಯ್ದದ್ದು ಕುಡುಗೋಲಿನಿಂದ, ಅದಕ್ಕೆ ಮೆತ್ತಿದ್ದು ಸಗಣಿ. ಅಜ್ಜಿ ಕೊನೆಯವರೆಗೂ ತನ್ನ ಹಾಲನ್ನೇ ಶಂಕಿಸುತ್ತಿದ್ದಳು.

ಜಪಾನಿನ ಕಿತಾಸಾಟೊ ಬರ್ಲಿನ್ನಿನಲ್ಲಿ ಈ ರೋಗಾಣುವನ್ನು ಬೇರ್ಪಡಿಸಿ ಬೆಳೆಸಿದ್ದು 1889ರಲ್ಲಿ. ಆ ತಿಳಿವಳಿಕೆ ನಮ್ಮೂರ ಬಾಣಂತಿ ಕೋಣೆಗೆ ಬಂದದ್ದು ಎಷ್ಟೋ ತಡವಾಗಿ, ಬಸುರಿಯರ ಚುಚ್ಚುಮದ್ದು ಮತ್ತು ಹೊಸ ಬ್ಲೇಡಿನ ರೂಪದಲ್ಲಿ. 2015ರಲ್ಲಿ ಭಾರತ ನವಜಾತರ ಧನುರ್ವಾಯುವನ್ನು ನಿವಾರಿಸಿತು ಎಂದು ಘೋಷಣೆಯಾಯಿತು. ಪ್ರತಿ ಜಿಲ್ಲೆಯಲ್ಲೂ ಸಾವಿರ ಜನನಕ್ಕೆ ಒಂದಕ್ಕಿಂತ ಕಡಿಮೆ ಎಂದು ಅದರರ್ಥ. ಮಣ್ಣಿನಲ್ಲಿ ಅದು ಇದ್ದೇ ಇದೆ.

ಹತ್ತು ವರ್ಷದವರಿಗೆ ಟಿಡಿ ಚುಚ್ಚುಮದ್ದು ಹಾಕಲು ನರ್ಸಮ್ಮ ಶಾಲೆಗೆ ಬಂದ ದಿನ ನನ್ನ ಐದನೇ ತರಗತಿಯ ಅರ್ಧ ಮಕ್ಕಳಿಗೆ ಹೊಟ್ಟೆನೋವು.