ಆಫ್ರಿಕಾ ಪ್ರಯಾಣಕ್ಕೊಂದು ಸೂಜಿ

ಹಳದಿ ಜ್ವರದ ಲಸಿಕೆ ಅಂದ ಕೂಡಲೇ ನಮ್ಮ ಕಡೆ ಬರೋ ಮೊದಲ ಪ್ರಶ್ನೆ, "ಕಾಮಾಲೆಗೂ ಇಂಜೆಕ್ಷನ್ ಬಂತಾ?" ಅಲ್ಲ ಮಾರಾಯ್ರೆ, ಇದೇ ಬೇರೆ. ಆಫ್ರಿಕಾ, ದಕ್ಷಿಣ ಅಮೆರಿಕಾಗಳಲ್ಲಿ ಸೊಳ್ಳೆ ಹರಡೋ ವೈರಸ್ ಜ್ವರ. ನಮ್ಮ ದೇಶದಲ್ಲಿ ಇಲ್ಲ. ಆದರೆ ಅದನ್ನು ಹರಡಬಲ್ಲ ಈಡಿಸ್ ಸೊಳ್ಳೆ, ಅದೇ ನಮ್ಮ ಡೆಂಗೆ ಸೊಳ್ಳೆ, ಇಲ್ಲಿ ಬೇಕಾದಷ್ಟಿದೆ. ಅದಕ್ಕೇ ಆ ದೇಶಗಳಿಂದ ಬರುವವರ ಹತ್ತಿರ ಲಸಿಕೆಯ ಹಳದಿ ಕಾರ್ಡ್ ಇಲ್ಲದಿದ್ದರೆ ಆರು ದಿನದವರೆಗೆ ಪ್ರತ್ಯೇಕವಾಗಿ ಇಡೋ ನಿಯಮವಿದೆ.

ಈ ಭಯ ಸುಮ್ಮನೆ ಅಲ್ಲ. 1957ರಲ್ಲಿ ನಮ್ಮ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದಾಗ, ಹಳದಿ ಜ್ವರವೇ ಬಂತೇನೋ ಅಂತ ವಿಜ್ಞಾನಿಗಳು ಅನುಮಾನಪಟ್ಟಿದ್ದರು. ಅದು ಉಣುಗಿನಿಂದ ಹರಡೋ ಬೇರೆ ರೋಗ, ಮಂಗನ ಕಾಯಿಲೆ, ಅಂತ ಆಮೇಲೆ ಗೊತ್ತಾಯ್ತು.

ಸರಿ, ಲಸಿಕೆ ಬೇಕು. ಸಿಗೋದೆಲ್ಲಿ? ಸರ್ಕಾರ ಗೊತ್ತುಮಾಡಿದ ಕೆಲವೇ ಕೇಂದ್ರಗಳಲ್ಲಿ. ದೇಶದಲ್ಲಿ ಜಿಲ್ಲೆಗೊಂದರಂತೆ ಕೂಡ ಇಲ್ಲ. 2018ರಲ್ಲಿ ಘಾನಾಕ್ಕೆ ಕೆಲಸಕ್ಕೆ ಹೊರಟಿದ್ದ ನಮ್ಮ ಚಿಕ್ಕಪ್ಪನ ಮಗ ರಾತ್ರಿಯೆಲ್ಲಾ ಬಸ್ಸಿನಲ್ಲಿ ಕೂತು ಒಂದು ಕೇಂದ್ರಕ್ಕೆ ಹೋದರೆ, "ಇವತ್ತು ಜನ ಸಾಲಲ್ಲ, ಗುರುವಾರ ಬನ್ನಿ" ಅಂದರಂತೆ! ಲಸಿಕೆ ಹಾಕಿಸಿ ಹತ್ತು ದಿನ ಆದ ಮೇಲಷ್ಟೇ ಕಾರ್ಡಿಗೆ ಬೆಲೆ. ಅವನಿಗೆ ಟಿಕೆಟ್ ದಿನಾಂಕದ್ದೇ ಚಿಂತೆ.

ಅವರು ಹಾಗೆ ಹೇಳಿದ್ದಕ್ಕೂ ಕಾರಣ ಇದೆ. ಒಂದು ಸೀಸೆಯಲ್ಲಿ ಹಲವರಿಗಾಗುವಷ್ಟು ಮದ್ದು ಇರುತ್ತೆ. ಪುಡಿಯನ್ನು ಒಮ್ಮೆ ಕರಗಿಸಿದರೆ ಆರು ಗಂಟೆಯೊಳಗೆ ಮುಗಿಸಬೇಕು, ಉಳಿದದ್ದು ಚೆಲ್ಲಬೇಕು. ಒಬ್ಬನಿಗೋಸ್ಕರ ಸೀಸೆ ಒಡೆಯೋದು ದಂಡ.

ಅವನಿಗೇನೋ ಬೆಂಗಳೂರಿನಲ್ಲಿ ನೆಂಟರಿದ್ದರು, ಉಳಿದುಕೊಂಡ. ನನಗೆ ನೆನಪಾಗೋದು ನಮ್ಮ ಹಕ್ಕಿಪಿಕ್ಕಿ ಜನ. ಗಿಡಮೂಲಿಕೆ, ತಲೆಗೆ ಹಚ್ಚೋ ಎಣ್ಣೆ ಮಾರೋಕೆ ಆಫ್ರಿಕಾಕ್ಕೆ ಹೋಗಿ ಬರ್ತಾರೆ. 2023ರ ಏಪ್ರಿಲ್‌ನಲ್ಲಿ ಸುಡಾನ್ ಯುದ್ಧದಲ್ಲಿ ಸಿಕ್ಕಿಕೊಂಡಾಗಲೇ ನಮ್ಮಲ್ಲಿ ಎಷ್ಟೋ ಜನಕ್ಕೆ ಈ ವಿಷಯ ಗೊತ್ತಾಗಿದ್ದು. ಸಾಲ ಮಾಡಿ ಹೊರಡುವವನಿಗೆ ಈ ಸೂಜಿಗೋಸ್ಕರ ಎರಡೆರಡು ಸಲ ದೂರದೂರಿಗೆ ಓಡೋದು ಸಣ್ಣ ಮಾತಲ್ಲ. ಬಸ್ ಚಾರ್ಜು, ಹೋದ ಕೂಲಿ ಎಲ್ಲಾ ಅವನ ತಲೆಗೇ. ಇಂಥವರಿಗೇ ನಕಲಿ ಕಾರ್ಡ್ ಮಾರೋ ದಲ್ಲಾಳಿ ಹತ್ತಿರವಾಗೋದು. ಕಾರ್ಡ್ ನಕಲಿ ಆಗಬಹುದು, ಅಲ್ಲಿನ ಸೊಳ್ಳೆ ನಕಲಿ ಅಲ್ಲವಲ್ಲ!

ಒಂದು ಸಮಾಧಾನ ಅಂದ್ರೆ, 2016ರ ಜುಲೈನಿಂದ ಈ ಕಾರ್ಡ್ ಜೀವಮಾನಪೂರ್ತಿ ನಡೆಯುತ್ತೆ. ಮುಂಚೆ ಹತ್ತು ವರ್ಷಕ್ಕೊಮ್ಮೆ ಮತ್ತೆ ಹಾಕಿಸಬೇಕಿತ್ತು. ಅಂದ್ರೆ ಒಬ್ಬರಿಗೆ ಒಂದೇ ಸಲದ ಕೆಲಸ. ಮೊದಲೇ ಹೆಸರು ಬರೆಸಿಕೊಂಡು, ತಿಂಗಳಿಗೊಂದು ದಿನ ಗೊತ್ತುಮಾಡಿ ಜಿಲ್ಲಾಸ್ಪತ್ರೆಯಲ್ಲೇ ಹಾಕಬಾರದೇಕೆ? ಗುಂಪಾಗಿ ಹೋಗುವವರು ಗುಂಪಾಗಿಯೇ ಬಂದರೆ ಸೀಸೆಯೂ ದಂಡ ಆಗಲ್ಲ. ಅನುಮತಿ, ಒಂದು ಫ್ರಿಡ್ಜ್, ತರಬೇತಿ ಪಡೆದ ಸಿಬ್ಬಂದಿ... ಇಷ್ಟಕ್ಕೆ ಜಿಲ್ಲಾಸ್ಪತ್ರೆಗೆ ಶಕ್ತಿ ಇಲ್ಲವೇ?

ನಿಮ್ಮೂರಿನಿಂದ ಯಾರಾದರೂ ಹೀಗೆ ಅಲೆದಿದ್ದರೆ ಬರೀರಿ. ಹೊರಡುವವರಿಗೆ ಒಂದು ತಿಂಗಳು ಮುಂಚೆಯೇ ವಿಚಾರಿಸೋಕೆ ಹೇಳಿ.