ತರಬೇತಿ ತೋಟದಲ್ಲೂ ನಡೆಯಲಿ

ಗಡಿಯಾಚೆಗಿನ ವ್ಯಾಪಾರ ಸಲೀಸಾಗಬೇಕು ಅಂತ ಅಧಿಕಾರಿಗಳಿಗೆ ತರಬೇತಿ ಕೊಡುವುದು ಒಳ್ಳೆಯದೇ. 2017ರಲ್ಲಿ ಜಾರಿಗೆ ಬಂದ ವಿಶ್ವ ವ್ಯಾಪಾರ ಸಂಸ್ಥೆಯ ಒಪ್ಪಂದವೂ ಬೇಗ ಕೆಡುವ ಸರಕನ್ನು ಗಡಿಯಲ್ಲಿ ತಡೆಯದೆ ಬೇಗ ಬಿಡಿ ಅನ್ನುತ್ತದೆ. ನಂಜನಗೂಡು ರಸಬಾಳೆಯ ಗೊನೆ ಕಡತಕ್ಕೆ ಸಹಿ ಬೀಳುವವರೆಗೂ ಕಾಯುತ್ತದೆಯೇ? ಅದರ ಜೊತೆಗೆ ಸೊರಗು ರೋಗದ ಕಾಟ ಬೇರೆ. ಹಾಗಾಗಿ ರಫ್ತಾಗುವ ಬೆಳೆಗೆ ರೋಗವಿಲ್ಲ ಅಂತ ಹೇಳುವ ಸಸ್ಯ ಆರೋಗ್ಯ ಪ್ರಮಾಣಪತ್ರ ಅಂದರೇನು ಅಂತ ರೈತನಿಗೆ ಊರಲ್ಲೇ ಹೇಳಿಕೊಡುವವರು ಬೇಕು.

ಆದರೆ ಟಿ. ನರಸೀಪುರದ ಕಥೆಯನ್ನೂ ಕೇಳಬೇಕು. ಅಲ್ಲಿನ ಸರ್ಕಾರಿ ಕಾರ್ಖಾನೆಯಲ್ಲಿ ಬಿಸಿನೀರಲ್ಲಿ ಬೆಂದ ಗೂಡಿನಿಂದ ಎಳೆ ಬಿಚ್ಚಿ ತೆಗೆದ ನೂಲೇ ಮೈಸೂರು ರೇಷ್ಮೆ ಸೀರೆಯಾಗುವುದು. 2011ರ ಕೇಂದ್ರ ಬಜೆಟ್ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ 30ರಿಂದ ಶೇ 5ಕ್ಕೆ ಇಳಿಸಿತು. ಚೀನಾ ರೇಷ್ಮೆಗೆ ದಾರಿ ಸಲೀಸಾಯಿತು, ನಮ್ಮ ಗೂಡಿನ ದರ ಕುಸಿಯಿತು. ಹಿಪ್ಪುನೇರಳೆ ಬೆಳೆದವರು ಬೀದಿಗಿಳಿದರು.

ಮೈಸೂರಿನ ಆಡಳಿತ ತರಬೇತಿ ಸಂಸ್ಥೆಯಿಂದ ಈ ಎರಡೂ ಊರು ಹೆಚ್ಚು ದೂರವಿಲ್ಲ. ಸುಂಕ, ಸಾಗಣೆ ಕಲಿಯುವವರನ್ನು ಒಂದು ದಿನ ಇಲ್ಲಿಗೆ ಕರೆತನ್ನಿ. ರೈತರೇ ಪಾಠ ಮಾಡಲಿ.